ಅಂಟಿಸಿದ ಮೂಗು

ಯೆಹೂದಿಗಳ ಬಗ್ಗೆ ನನಗೆ ಮೊದಲು ಹೇಳಿದ್ದು ಹೈಸ್ಕೂಲಿನ ಇಂಗ್ಲಿಷ್ ನಾನ್-ಡೀಟೇಲ್ ಪುಸ್ತಕ. ಚಾರ್ಲ್ಸ್ ಲ್ಯಾಂಬ್ ಮತ್ತು ಅವನ ಅಕ್ಕ ಮೇರಿ 1807ರಲ್ಲಿ ಮಕ್ಕಳಿಗಾಗಿ ಬರೆದ ಷೇಕ್ಸ್‌ಪಿಯರ್ ಕಥೆಗಳಲ್ಲಿ ಕೆಲವನ್ನು ಆಯ್ದು ಮಾಡಿದ ತೆಳ್ಳನೆಯ ಪುಸ್ತಕ ಅದು. ಅದರಲ್ಲಿ ‘ಮರ್ಚೆಂಟ್ ಆಫ್ ವೆನಿಸ್’ ಇತ್ತು. ಸಾಲಕ್ಕೆ ಈಡಾಗಿ ಮನುಷ್ಯನ ಮಾಂಸ ಕೇಳುವ ಶೈಲಾಕ್ ಇದ್ದ. ಕರಾವಳಿಯ ನಮ್ಮ ಊರಿನಲ್ಲಿ, ಮೇಷ್ಟ್ರನ್ನೂ ಸೇರಿಸಿ, ಯೆಹೂದಿಯೊಬ್ಬರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೆ ಶೈಲಾಕನ ಗುಣಸ್ವಭಾವ ವಿವರಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಬೇಕೆಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು: ಯೆಹೂದಿ, ಬಡ್ಡಿಕೋರ, ಜಿಪುಣ, ಕಲ್ಲೆದೆಯವನು. ನಾಲ್ಕು ಗುಣಕ್ಕೆ ನಾಲ್ಕು ಅಂಕ. ಮೊದಲನೆಯದು ಗುಣವಲ್ಲ, ಒಂದು ಜನಾಂಗದ ಹೆಸರು ಎಂದು ಯಾರೂ ಹೇಳಿಕೊಡಲಿಲ್ಲ.

ಮೂಲ ನಾಟಕದಲ್ಲಿ ಶೈಲಾಕನದೊಂದು ಮಾತಿದೆ. ತನ್ನ ಒಡಲೂ ಉಳಿದವರ ಒಡಲಿನಂತೆ ನೋಯುವುದಲ್ಲವೇ ಎಂದು ಅವನು ಕೇಳುವ ಜಾಗ. ಆ ಪಾತ್ರ ಮನುಷ್ಯನಾಗಿ ಎದ್ದು ನಿಲ್ಲುವುದೇ ಅಲ್ಲಿ. ಮಕ್ಕಳಿಗಾಗಿ ಕಥೆ ಸಂಗ್ರಹಿಸುವಾಗ ಆ ಮಾತೇ ಬಿಟ್ಟುಹೋಯಿತು. ಸಾಲ, ಚೂರಿ, ತಕ್ಕಡಿ ಉಳಿದವು. ಭಾರತದ ಎಷ್ಟೋ ತಲೆಮಾರಿನ ಮಕ್ಕಳ ಕೈಗೆ ಸಿಕ್ಕಿದ್ದು ಈ ಸೋಸಿದ ಶೈಲಾಕನೇ.

ಆ ವರ್ಷ ಸ್ಕೂಲ್ ಡೇಗೆ ಕೋರ್ಟಿನ ದೃಶ್ಯ ಆಡಿಸಿದರು. ಶೈಲಾಕನ ವೇಷಕ್ಕೆ ನಮ್ಮ ಕ್ಲಾಸಿನ ಎತ್ತರದ ಹುಡುಗ. ಅವನ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಲ್ಲುವ ಆಳು ನಾನು. ತಕ್ಕಡಿ ಪೇಟೆಯ ದಿನಸಿ ಅಂಗಡಿಯಿಂದ ತಂದದ್ದು, ಬೆಲ್ಲದ ಅಂಟು ಇನ್ನೂ ಹೋಗಿರಲಿಲ್ಲ. ಬಣ್ಣ ಹಚ್ಚಲು ಯಕ್ಷಗಾನದ ಮೇಳದಲ್ಲಿದ್ದ ಹಿರಿಯರೊಬ್ಬರನ್ನು ಕರೆಸಿದ್ದರು. ಅವರು ಹುಡುಗನ ಗಲ್ಲ ಹಿಡಿದು ಆಚೀಚೆ ತಿರುಗಿಸಿ ನೋಡಿ, “ಇದು ರಕ್ಕಸನ ವೇಷವೋ ಮನುಷ್ಯಂದೋ ಮಾಷ್ಟ್ರೇ?” ಎಂದು ಕೇಳಿದರು. ಬಣ್ಣದ ವೇಷಕ್ಕೆ ಒಂದು ಬಗೆಯ ಬರವಣಿಗೆ, ಉಳಿದದ್ದಕ್ಕೆ ಇನ್ನೊಂದು. ಅವರಿಗೆ ಅದು ಕಸುಬಿನ ಪ್ರಶ್ನೆ. ಮೇಷ್ಟ್ರು ಸ್ವಲ್ಪ ಯೋಚಿಸಿ, “ರಕ್ಕಸನೇ ಅಂತ ಇಟ್ಟುಕೊಳ್ಳಿ” ಎಂದರು. ಹತ್ತಿ ಮತ್ತು ಮೇಣದಿಂದ ದೊಡ್ಡದೊಂದು ಗಿಣಿಮೂಗು ತಯಾರಾಯಿತು. ಸೊಂಟಕ್ಕೆ ನಾಣ್ಯದ ಚೀಲ, ಬೆನ್ನಿಗೆ ದಿಂಬಿನ ಗೂನು. ಮೂಗು ಹೀಗೇ ಇರಬೇಕೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮೇಷ್ಟ್ರು ಅದನ್ನು ಯಾವುದೋ ಚಿತ್ರದಲ್ಲಿ ಕಂಡಿದ್ದರು. ಆ ಚಿತ್ರ ಬರೆದವನು ಇನ್ನೊಂದು ಚಿತ್ರದಲ್ಲಿ ಕಂಡಿದ್ದಿರಬೇಕು.

ಶೈಲಾಕನ ಆಸ್ತಿ ಹೋಯಿತು, ಅವನು ತನ್ನ ಮತ ಬಿಟ್ಟು ಕ್ರೈಸ್ತನಾಗಬೇಕು ಎಂಬ ತೀರ್ಪು ಬಂದಾಗ ಮೈದಾನದಲ್ಲಿ ಕೂತಿದ್ದ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಹಿಂದೂಗಳು, ಮುಸ್ಲಿಮರು, ಜೈನರು, ಕ್ರೈಸ್ತರು ಎಲ್ಲರೂ ಇದ್ದ ಸಭೆ. ಒಬ್ಬನ ಹುಟ್ಟುಮತವನ್ನು ಕೋರ್ಟು ಕಿತ್ತುಕೊಳ್ಳುವುದು ಬೇರೆ ಯಾವ ಕಥೆಯಲ್ಲಿ ಬಂದಿದ್ದರೂ ಆ ಜನ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಅದು ನ್ಯಾಯವಾಗಿ ಕಂಡಿತು. ಎದುರಿಗಿದ್ದದ್ದು ಮೂಗು, ಚೀಲ, ಗೂನು. ಮನುಷ್ಯನೆಂಬ ಗುರುತೇ ಸಿಗದಂತೆ ಮಾಡಿಟ್ಟಿದ್ದೆವು.

ಬ್ಯಾಂಕಿನ ನೌಕರಿ ಸಿಕ್ಕಿ 1970ರ ದಶಕದಲ್ಲಿ ನಾನು ಮುಂಬಯಿಗೆ ಹೋದೆ. ಬೈಕಲಾದ ಹಳೆಯ ಚಾಳೊಂದರಲ್ಲಿ ಊರಿನವರೇ ಕೆಲವರು ಸೇರಿ ಖೋಲಿ ಹಿಡಿದಿದ್ದೆವು. ಪಕ್ಕದ ಖೋಲಿಯಲ್ಲಿ ಶಾಲೆಯ ಟೀಚರಾಗಿ ನಿವೃತ್ತರಾದ ಒಬ್ಬ ಹೆಂಗಸು ಇದ್ದರು. ಒಂಬತ್ತು ಗಜದ ಸೀರೆ, ಅಚ್ಚ ಮರಾಠಿ, ಹೆಸರಿನ ಕೊನೆಗೆ ಕೊಂಕಣದ ಹಳ್ಳಿಯೊಂದರ ಹೆಸರು. ಅವರ ಬಾಗಿಲ ಚೌಕಟ್ಟಿನ ಬಲಬದಿಗೆ ಬೆರಳುದ್ದದ ಒಂದು ಕೊಳವೆ ಓರೆಯಾಗಿ ಕೂರಿಸಿತ್ತು. ಒಳಗೆ ಹೋಗುವಾಗ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಬೆನೆ ಇಸ್ರೇಲ್ ಯೆಹೂದಿ ಎಂದು ತಿಳಿಯಲು ಕೆಲವು ತಿಂಗಳೇ ಬೇಕಾದವು.

ಬೆನೆ ಇಸ್ರೇಲರ ಕಥೆ ಆಗ ಅವರ ಬಾಯಿಂದಲೇ ಕೇಳಿದೆ. ಹಿಂದೆಂದೋ ಹಡಗು ಒಡೆದು ಅಲೀಬಾಗ್ ಹತ್ತಿರದ ನವಗಾಂವ್ ತೀರಕ್ಕೆ ಬಂದು ಬಿದ್ದವರ ಸಂತಾನ ತಾವು ಎಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಅವರ ಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದು. ಶನಿವಾರ ಎತ್ತು ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ಅವರನ್ನು ಶನಿವಾರ ತೇಲಿ ಎನ್ನುತ್ತಿದ್ದರು, ಶನಿವಾರದ ಗಾಣಿಗರು. ಬಡ್ಡಿ ವ್ಯವಹಾರ ಅವರ ಕುಲಕಸುಬೇ ಆಗಿರಲಿಲ್ಲ. ಹರಕೆ ತೀರಿದ ದಿನ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಾವಶಿ ಮಲೀದಾ ಮಾಡುತ್ತಿದ್ದರು: ನೆನೆಸಿದ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ದ್ರಾಕ್ಷಿ, ಮೇಲೆ ಹಣ್ಣಿನ ಹೋಳು. ನಮ್ಮ ಖೋಲಿಗೂ ಒಂದು ತಟ್ಟೆ ಬರುತ್ತಿತ್ತು. ತಿಂದರೆ ಅಮ್ಮನ ಸಿಹಿ ಅವಲಕ್ಕಿಯ ರುಚಿ.

ಮಾವಶಿಯಲ್ಲಿ ಒಂದು ವಿಚಿತ್ರ ಸ್ವಭಾವ ಕಂಡೆ. ತರಕಾರಿಯವನು ಚಿಲ್ಲರೆ ಕಮ್ಮಿ ಕೊಟ್ಟರೆ ಎಣಿಸದೆ ಚೀಲಕ್ಕೆ ಹಾಕಿಕೊಂಡು ಬಂದುಬಿಡುತ್ತಿದ್ದರು. ಹಾಲಿನವನ ಲೆಕ್ಕ ಪ್ರತಿ ತಿಂಗಳೂ ತಪ್ಪುತ್ತಿತ್ತು, ಯಾವಾಗಲೂ ಅವನ ಕಡೆಗೇ. ಪಿಂಚಣಿಯಲ್ಲಿ ಬದುಕುವವರು. ಒಂದು ಸಲ ತಡೆಯಲಾರದೆ ನಾನೇ ಹಾಲಿನವನನ್ನು ನಿಲ್ಲಿಸಿ ಕೇಳಿ ಉಳಿದ ದುಡ್ಡು ತಂದುಕೊಟ್ಟೆ. ಮಾವಶಿ ಸಂತೋಷಪಡಲಿಲ್ಲ, ಗಾಬರಿಯಾದರು.

“ಯಾಕೆ ಕೇಳೋಕೆ ಹೋದೆ ಬಾಳಾ? ನಾನು ಕಳಿಸಿದೆ ಅಂದುಕೊಳ್ತಾನೆ.”

“ನಿಮ್ಮದೇ ದುಡ್ಡು ಮಾವಶಿ.”

ಆಮೇಲೆ ಚಹಾ ಮಾಡುತ್ತಾ ಹೇಳಿದರು. ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಾಗ ಗೆಳತಿಯೊಬ್ಬಳಿಗೆ ಎಂಟಾಣೆ ಕೈಸಾಲ ಕೊಟ್ಟಿದ್ದರಂತೆ. ಪುಸ್ತಕ ಕೊಳ್ಳಬೇಕಿತ್ತು, ವಾಪಸ್ ಕೇಳಿದರು. ಆ ಹುಡುಗಿ ಎಲ್ಲರೆದುರು ಅಂಗೈ ಮುಂದೆ ಚಾಚಿ, “ತಗೋ ಶೈಲಾಕ್, ಕೊಯ್ದುಕೋ” ಎಂದಳಂತೆ. ಕ್ಲಾಸು ನಕ್ಕಿತು. ಆ ತಿಂಗಳು ಪಾಠ ಅದೇ ನಾಟಕದ್ದು. “ಅವತ್ತಿನಿಂದ ಯಾರ ಹತ್ತಿರವೂ ಕೊಟ್ಟದ್ದನ್ನು ವಾಪಸ್ ಕೇಳಿಲ್ಲ” ಎಂದರು ಮಾವಶಿ. ಅವರಿಗಾಗ ಎಪ್ಪತ್ತರ ಹತ್ತಿರ. ಒಂದು ಕಥೆಯ ಪಾತ್ರಕ್ಕೆ ಹೆದರಿ ಆ ಹೆಂಗಸು ಜೀವಮಾನವಿಡೀ ತಮ್ಮ ಚಿಲ್ಲರೆ ಬಿಟ್ಟುಕೊಟ್ಟಿದ್ದರು.

ಕಥೆಯನ್ನು ಕಥೆಯಾಗಿ ನೋಡಬೇಕಪ್ಪ ಎಂದು ಹೇಳುವ ಸಾಹಿತ್ಯಪ್ರಿಯರನ್ನು ಆಮೇಲೆ ಬಹಳ ಕಂಡಿದ್ದೇನೆ. ಅವರಿಗೆ ಆ ಎಂಟಾಣೆಯ ವಿಷಯ ಹೇಳುತ್ತೇನೆ.

ಈ ಮೂಗು, ಈ ಚೀಲ ಎಲ್ಲಿಂದ ಬಂದವು ಎಂದು ಹುಡುಕಿ ಓದತೊಡಗಿದ್ದು ಆಗಲೇ. ಬ್ಯಾಂಕು ಫೋರ್ಟಿನಲ್ಲಿತ್ತು, ಕಾಲಾಘೋಡಾದ ಡೇವಿಡ್ ಸಸೂನ್ ಲೈಬ್ರರಿ ನಡೆದುಹೋಗುವಷ್ಟು ಹತ್ತಿರ. ಬಾಗ್ದಾದಿನಿಂದ ಬಂದ ಯೆಹೂದಿ ವ್ಯಾಪಾರಿಯ ಹೆಸರಿನದು ಅದು. ಸಸೂನ್ ಮನೆತನ ಅಫೀಮಿನ ವ್ಯಾಪಾರದಲ್ಲೂ ದುಡ್ಡು ಮಾಡಿತು. ಅದೇ ಅಫೀಮಿನಲ್ಲಿ ಪಾರ್ಸಿಗಳೂ ಸ್ಕಾಟ್ಲೆಂಡಿನ ಕ್ರೈಸ್ತರೂ ದುಡ್ಡು ಮಾಡಿದರು, ಅದರಿಂದ ಅವರ ಜನಾಂಗಕ್ಕೆಲ್ಲ ಹೆಸರು ಕೆಡಲಿಲ್ಲ.

ಓದುತ್ತ ಹೋದಂತೆ ನನ್ನನ್ನು ಅಲುಗಾಡಿಸಿದ್ದು ಒಂದು ಇಸವಿ: 1290. ಆ ವರ್ಷ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ದೇಶದ ಯೆಹೂದಿಗಳನ್ನೆಲ್ಲ ಹೊರಗಟ್ಟಿದ. ಅವರು ಬಹಿರಂಗವಾಗಿ ಮತ್ತೆ ಅಲ್ಲಿ ನೆಲೆಸುವಂತಾದದ್ದು 1656ರ ಸುಮಾರಿಗೆ, ಕ್ರಾಮ್‌ವೆಲ್ಲನ ಕಾಲದಲ್ಲಿ. ಷೇಕ್ಸ್‌ಪಿಯರ್ ಶೈಲಾಕನನ್ನು ಬರೆದದ್ದು 1596-97ರ ಹೊತ್ತಿಗೆ. ಮತ ಮುಚ್ಚಿಟ್ಟುಕೊಂಡು ಲಂಡನ್ನಿನಲ್ಲಿದ್ದ ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ ಅವನ ಪ್ರೇಕ್ಷಕರಲ್ಲಿ ಹೆಚ್ಚಿನವರು ಯೆಹೂದಿಯನ್ನು ಕಂಡಿರಲೇ ಇಲ್ಲ. ಎಲಿಜಬೆತ್ ರಾಣಿಯ ವೈದ್ಯ ರೊಡೆರಿಗೊ ಲೋಪೆಜ್ ಯೆಹೂದಿ ಮೂಲದವನು. ರಾಣಿಗೆ ವಿಷ ಹಾಕಲು ಹೊಂಚಿದನೆಂಬ ಆರೋಪ ಹೊರಿಸಿ 1594ರಲ್ಲಿ ಅವನನ್ನು ಕೊಂದರು, ಲಂಡನ್ನಿನ ಜನ ಗುಂಪುಗೂಡಿ ನೋಡಿದರು. ನಾಟಕ ಬಂದದ್ದು ಅದರ ಬೆನ್ನಿಗೆ.

ಬಡ್ಡಿಯ ಕಥೆಯೂ ತೆರೆದುಕೊಂಡಿತು. ಬಡ್ಡಿಗೆ ಸಾಲ ಕೊಡುವುದು ಕ್ರೈಸ್ತನಿಗೆ ಪಾಪವೆಂದು ಚರ್ಚು ವಿಧಿಸಿತ್ತು. ಬಡ್ಡಿಕೋರನಿಗೆ ಮಣ್ಣು ಕೊಡಬಾರದೆಂದು 1179ರ ಲ್ಯಾಟರನ್ ಸಭೆ ಹೇಳಿತು. ಯೆಹೂದಿಗೆ ಕಸುಬುದಾರರ ಸಂಘಗಳಲ್ಲಿ ಜಾಗವಿಲ್ಲ, ಭೂಮಿ ಹಿಡಿಯಲು ಹೆಚ್ಚಿನ ಕಡೆ ಅವಕಾಶವಿಲ್ಲ. ಬಹುಮಟ್ಟಿಗೆ ಅವನಿಗೆ ಉಳಿದದ್ದು ಸಾಲದ ವ್ಯವಹಾರ. ಆ ಬಡ್ಡಿಯ ಮೇಲೆ ದೊರೆ ತೆರಿಗೆಯ ಮೇಲೆ ತೆರಿಗೆ ಎತ್ತಿದ. ಸಾಲಗಾರನ ಶಾಪವೆಲ್ಲ ಯೆಹೂದಿಗೆ, ದುಡ್ಡಿನ ದೊಡ್ಡ ಪಾಲು ಅರಮನೆಗೆ.

ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ 1190ರ ಮಾರ್ಚ್‌ನಲ್ಲಿ ನಡೆದದ್ದನ್ನು ಓದಿದ ಸಂಜೆ ನನಗೆ ಊಟ ಸೇರಲಿಲ್ಲ. ದೊಂಬಿಗೆ ಹೆದರಿ ಸುಮಾರು 150 ಯೆಹೂದಿಗಳು, ಹೆಂಗಸರು ಮಕ್ಕಳು ಸೇರಿ, ದೊರೆಯ ಕೋಟೆಯ ಮರದ ಗೋಪುರ ಹೊಕ್ಕರು. ಹೊರಗೆ ಮುತ್ತಿಗೆ. ಹಲವರು ಮನೆಮಂದಿಯನ್ನು ತಮ್ಮ ಕೈಯಾರೆ ಕೊಂದು ತಾವೂ ಸತ್ತರು. ಪ್ರಾಣ ಉಳಿಸುತ್ತೇವೆಂಬ ಮಾತು ನಂಬಿ ಹೊರಬಂದವರನ್ನು ಕಡಿದು ಹಾಕಿದರು. ದೊಂಬಿಯ ಮುಂದಾಳುಗಳಲ್ಲಿ ಯೆಹೂದಿಗಳಿಗೆ ಸಾಲ ತೀರಿಸಬೇಕಾಗಿದ್ದ ಶ್ರೀಮಂತರಿದ್ದರು. ಕೊಲೆ ಮುಗಿಸಿ ಅವರು ನೇರವಾಗಿ ಊರಿನ ದೊಡ್ಡ ಚರ್ಚಿಗೆ ಹೋಗಿ, ಅಲ್ಲಿ ಇರಿಸಿದ್ದ ಸಾಲಪತ್ರಗಳನ್ನು ತೆಗೆದು ಸುಟ್ಟರು. ನಾಲ್ಕು ವರ್ಷದ ಮೇಲೆ, 1194ರಲ್ಲಿ, ಅರಮನೆ ಒಂದು ವ್ಯವಸ್ಥೆ ಮಾಡಿತು: ಯೆಹೂದಿಗಳ ಸಾಲಪತ್ರಕ್ಕೆಲ್ಲ ಇನ್ನೊಂದು ಪ್ರತಿ ಬರೆಸಿ ಪಟ್ಟಣ ಪಟ್ಟಣದಲ್ಲಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು. ಸತ್ತವರು ಮರಳಲಿಲ್ಲ; ದೊರೆಗೆ ಬರಬೇಕಾದ ದುಡ್ಡು ಇನ್ನು ಮುಂದೆ ಸುಡುವಂತಿರಲಿಲ್ಲ. ಇಷ್ಟೆಲ್ಲ ನಡೆದ ದೇಶದ ಕಥೆಗಳಲ್ಲಿ ದುರಾಸೆಗೆ ಹೆಸರಾದವನು ಯೆಹೂದಿ.

ವೆನಿಸಿನದು ಇನ್ನೊಂದು ಬಗೆ. 1516ರಲ್ಲಿ ಅಲ್ಲಿನ ಸರ್ಕಾರ ಯೆಹೂದಿಗಳನ್ನು ಗೆಟ್ಟೊ ಎಂಬ ಜಾಗದಲ್ಲಿ ಕೂಡಿಹಾಕಿತು. ರಾತ್ರಿ ಬಾಗಿಲಿಗೆ ಬೀಗ, ಕಾವಲುಗಾರರ ಸಂಬಳ ಯೆಹೂದಿಗಳದೇ. ಊರಿನ ಬಡವರಿಗೆ ಒಡವೆ ವಸ್ತು ಒತ್ತೆ ಇಟ್ಟುಕೊಂಡು ಕಡಿಮೆ ಬಡ್ಡಿಗೆ ಸಾಲ ಕೊಡುವ ಅಂಗಡಿ ನಡೆಸಬೇಕೆಂಬುದು ಅವರು ಅಲ್ಲಿ ಬದುಕಲು ಹಾಕಿದ ಷರತ್ತು. ಬಡ್ಡಿಯ ದರ ಗೊತ್ತುಮಾಡುತ್ತಿದ್ದದ್ದು ಸರ್ಕಾರ. ನಾಟಕದಲ್ಲಿ ಆ ಗೋಡೆಯೂ ಇಲ್ಲ, ಬೀಗವೂ ಇಲ್ಲ.

ಬ್ಯಾಂಕು ಮುಗಿಸಿ ಸಂಜೆ ನಾನು ಕನ್ನಡ ರಾತ್ರಿಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿಗಳು ಕುಂದಾಪುರ, ಕಾರ್ಕಳದ ಕಡೆಯ ಹೋಟೆಲ್ ಹುಡುಗರು. ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕಣ್ಣು ಬಿಡಿಸಿಕೊಂಡು ಕೂರುವವರು. ಶೈಲಾಕನ ಕಥೆ ಬಂದಾಗ ಯಾರ್ಕಿನ ಕಥೆಯನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಹೇಳಿದ: “ಸಾರ್, ನಮ್ಮ ಗದ್ದೆ ಸಾಲಕ್ಕೆ ಹೋಯ್ತು. ತಕ್ಕೊಂಡವರು ನಮ್ಮ ಜಾತಿಯವರೇ, ಸಂಬಂಧಿಕರು. ಅವರು ಕೆಟ್ಟವರು ಅಂತ ಅಮ್ಮ ಬೈತಾಳೆ, ನಮ್ಮ ಜಾತಿ ಕೆಟ್ಟದ್ದು ಅಂತ ಬೈಯೋದಿಲ್ಲ.” ಆ ನಾಟಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ನೇರವಾಗಿ ವಿಷಯಕ್ಕೆ ಬಂದಿಲ್ಲ.

ಇನ್ನು ಡಿಕನ್ಸ್. ‘ಆಲಿವರ್ ಟ್ವಿಸ್ಟ್’ 1837ರಿಂದ 1839ರವರೆಗೆ ಕಂತು ಕಂತಾಗಿ ಬಂತು. ಅನಾಥ ಹುಡುಗರಿಂದ ಜೇಬುಕಳ್ಳತನ ಮಾಡಿಸಿ ಪೆಟ್ಟಿಗೆಯಲ್ಲಿ ಒಡವೆ ಬಚ್ಚಿಡುವ ಮುದುಕ ಫ್ಯಾಗಿನ್. ಹೆಸರಿದ್ದರೂ ಲೇಖಕ ಅವನನ್ನು ನೂರಾರು ಸಲ ಬರೀ ‘ಆ ಯೆಹೂದಿ’ ಎಂದೇ ಕರೆಯುತ್ತಾನೆ. ಕಾದಂಬರಿಯ ಬೇರೆ ಕಳ್ಳರನ್ನು ‘ಆ ಕ್ರೈಸ್ತ’ ಎಂದು ಕರೆಯುವುದಿಲ್ಲ. ಬಡಮಕ್ಕಳ ಸಂಕಟ ಅವನಷ್ಟು ಅರಿತ ಲೇಖಕರು ಕಡಿಮೆ. ಅವನ ಕೈಯಿಂದಲೇ ಇದು ಆಯಿತೆಂಬುದು ನನಗೆ ಇಂದಿಗೂ ನೋವು ಕೊಡುತ್ತದೆ.

1860ರಲ್ಲಿ ಡಿಕನ್ಸ್ ತನ್ನ ಲಂಡನ್ ಮನೆ ಟ್ಯಾವಿಸ್ಟಾಕ್ ಹೌಸನ್ನು ಮಾರಿದ. ಕೊಂಡವನು ಜೇಮ್ಸ್ ಡೇವಿಸ್ ಎಂಬ ಯೆಹೂದಿ. ವ್ಯವಹಾರಕ್ಕೆ ಮುಂಚೆ ಡಿಕನ್ಸ್ ಗೆಳೆಯನಿಗೆ ಅನುಮಾನದಿಂದ ಪತ್ರ ಬರೆದಿದ್ದ. ಮುಗಿದ ಮೇಲೆ, ಇಷ್ಟು ಸಲೀಸಾದ, ನಂಬಿಕೆಯ ವ್ಯವಹಾರ ತಾನು ಕಂಡದ್ದಿಲ್ಲ ಎಂಬರ್ಥದಲ್ಲಿ ಬರೆದ. ಮೂರು ವರ್ಷದ ಮೇಲೆ, 1863ರಲ್ಲಿ, ಆ ಮನೆಯ ಒಡತಿ ಎಲೈಜಾ ಡೇವಿಸ್ ಅವನಿಗೊಂದು ಪತ್ರ ಬರೆದಳು. ಒಂದು ಧರ್ಮಕಾರ್ಯಕ್ಕೆ ವಂತಿಗೆ ಕೇಳುವುದು ನೆಪ. ಫ್ಯಾಗಿನ್ ಪಾತ್ರದಿಂದ ತನ್ನ ಜನಕ್ಕೆ ದೊಡ್ಡ ಅನ್ಯಾಯವಾಗಿದೆ ಎಂದು ಅದರಲ್ಲೇ ಹೇಳಿದಳು. ಡಿಕನ್ಸ್ ಮೊದಲು ಒಪ್ಪಲಿಲ್ಲ. ಆ ಕಾಲದ ಅಂಥ ಅಪರಾಧಿಗಳು ಯೆಹೂದಿಗಳೇ ಆಗಿರುತ್ತಿದ್ದರು, ಪುಸ್ತಕದ ಉಳಿದ ದುಷ್ಟರೆಲ್ಲ ಕ್ರೈಸ್ತರೇ ಅಲ್ಲವೇ ಎಂದು ವಾದಿಸಿದ. ಅವಳು ಸುಮ್ಮನಾಗದೆ ಮತ್ತೆ ಬರೆದಳು.

ಮುಂದಿನ ಕಾದಂಬರಿ ‘ಅವರ್ ಮ್ಯೂಚುವಲ್ ಫ್ರೆಂಡ್’ನಲ್ಲಿ ರಯಾ ಎಂಬ ಯೆಹೂದಿ ಬಂದ. ಅದರಲ್ಲಿ ಬಡ್ಡಿ ವ್ಯವಹಾರದ ನಿಜವಾದ ಒಡೆಯ ಒಬ್ಬ ಕ್ರೈಸ್ತ. ಜನರ ಬೈಗುಳ ತಿನ್ನಲು ಮುಂದೆ ನಿಲ್ಲಿಸಿದ ಗೊಂಬೆ ಈ ಮುದುಕ. ಇಂಗ್ಲೆಂಡಿನ ಹಳೆಯ ಚರಿತ್ರೆಯೇ ಆ ಒಂದು ಏರ್ಪಾಟಿನಲ್ಲಿದೆ. 1867ರ ಆವೃತ್ತಿ ಅಚ್ಚಾಗುವಾಗ ಡಿಕನ್ಸ್ ‘ಆಲಿವರ್ ಟ್ವಿಸ್ಟ್’ ತಿದ್ದಿ, ಬಹಳ ಕಡೆ ‘ಆ ಯೆಹೂದಿ’ ತೆಗೆದು ‘ಫ್ಯಾಗಿನ್’ ಎಂದೋ ‘ಅವನು’ ಎಂದೋ ಹಾಕಿದ. ಎಲೈಜಾ ಅವನಿಗೆ ಹೀಬ್ರೂ ಬೈಬಲ್ ಉಡುಗೊರೆ ಕಳಿಸಿದಳು. ಆದರೆ ರಯಾ ನನಗೆ ಹಿಡಿಸುವುದಿಲ್ಲ. ಸಿಟ್ಟೂ ಇಲ್ಲ, ಸ್ವಾರ್ಥವೂ ಇಲ್ಲ, ನಡುಬಗ್ಗಿಸಿ ನಡೆಯುವ ಸಾಧು. ದೆವ್ವದ ಜಾಗಕ್ಕೆ ದೇವರನ್ನು ತಂದು ಕೂರಿಸಿದ ಹಾಗಾಯಿತು. ಮನುಷ್ಯನ ಜಾಗ ಖಾಲಿಯೇ ಉಳಿಯಿತು. ಹಳೆಯ ಪುಟದಲ್ಲಿ ಹೊಡೆದುಹಾಕಿದ ಆ ಪದಗಳಲ್ಲೇ ಡಿಕನ್ಸ್‌ನ ದೊಡ್ಡತನ ನನಗೆ ಕಾಣುವುದು.

ತಿದ್ದಿದ ಪುಸ್ತಕಕ್ಕಿಂತ ಚಿತ್ರ ಬಲಶಾಲಿ. 1948ರಲ್ಲಿ ಡೇವಿಡ್ ಲೀನ್ ‘ಆಲಿವರ್ ಟ್ವಿಸ್ಟ್’ ಕಾದಂಬರಿಯನ್ನು ಸಿನಿಮಾ ಮಾಡಿದಾಗ, ಮೊದಲ ಮುದ್ರಣಕ್ಕೆ ಕ್ರೂಕ್‌ಶ್ಯಾಂಕ್ ಬರೆದ ಚಿತ್ರಗಳನ್ನು ಅನುಸರಿಸಿ ಫ್ಯಾಗಿನ್ ಪಾತ್ರದ ಅಲೆಕ್ ಗಿನ್ನೆಸ್ ಮುಖಕ್ಕೆ ಭಾರಿ ಮೂಗು ಅಂಟಿಸಿದರು. ಯುರೋಪಿನಲ್ಲಿ 60 ಲಕ್ಷ ಯೆಹೂದಿಗಳ ಕೊಲೆ ನಡೆದು ಮೂರು ವರ್ಷವಷ್ಟೇ ಆಗಿತ್ತು. ಬರ್ಲಿನ್ನಿನಲ್ಲಿ ಬದುಕುಳಿದ ಯೆಹೂದಿಗಳು ಚಿತ್ರಮಂದಿರದ ಮುಂದೆ ನಿಂತು ಪ್ರದರ್ಶನ ತಡೆದರು. ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯಾಗಲಿಲ್ಲ. ಬರ್ಲಿನ್ನಿನ ಆ ಜನಕ್ಕೆ ಮೂಗಿನ ಅರ್ಥ ಗೊತ್ತಿತ್ತು. 1940ರಲ್ಲಿ ನಾಜಿಗಳು ‘ಯೂದ್ ಸ್ಯೂಸ್’ ಎಂಬ ಸಿನಿಮಾ ಮಾಡಿ, ದುರಾಸೆಯ ಯೆಹೂದಿಯನ್ನು ತೋರಿಸಿದ್ದರು; ಪೊಲೀಸರೂ ಎಸ್‌ಎಸ್ ಪಡೆಯವರೂ ಅದನ್ನು ನೋಡಲೇಬೇಕೆಂದು ಆ ಪಡೆಯ ಮುಖ್ಯಸ್ಥ ಹಿಮ್ಲರ್ ಆಜ್ಞೆ ಹೊರಡಿಸಿದ್ದ. ಅದರಲ್ಲಿ ಒಂದಕ್ಕಿಂತ ಹೆಚ್ಚು ಯೆಹೂದಿ ವೇಷ ಹಾಕಿದ ನಟ ವರ್ನರ್ ಕ್ರಾಸ್. 1943ರಲ್ಲಿ ವಿಯೆನ್ನಾದಲ್ಲಿ ಅವನೇ ಶೈಲಾಕ್ ಆದ. ಅಷ್ಟು ಹೊತ್ತಿಗೆ ಆ ಊರಿನ ಯೆಹೂದಿಗಳಲ್ಲಿ ಬಹುತೇಕರು ದೇಶಬಿಟ್ಟು ಓಡಿದ್ದರು, ಇಲ್ಲವೇ ಅವರನ್ನು ರೈಲು ಹತ್ತಿಸಿ ಗೆಟ್ಟೊಗಳಿಗೂ ಸಾವಿನ ಶಿಬಿರಗಳಿಗೂ ಸಾಗಿಸಲಾಗಿತ್ತು.

ನಮ್ಮ ಕರಾವಳಿಯ ಒಂದು ಸಂಗತಿ ನನಗೆ ತಿಳಿದದ್ದು ತಡವಾಗಿ, 1992ರಲ್ಲಿ ಬಂದ ಅಮಿತಾವ್ ಘೋಷ್ ಪುಸ್ತಕ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಓದಿದ ಮೇಲೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ, ಮೂಲ ಟ್ಯುನೀಷಿಯಾದವನು, 1132ರ ಸುಮಾರಿನಿಂದ 1149ರವರೆಗೆ ಮಂಗಳೂರಿನಲ್ಲಿ ಬದುಕಿದ. ಇಲ್ಲಿಯ ಆಶು ಎಂಬವಳನ್ನು ದಾಸ್ಯದಿಂದ ಬಿಡಿಸಿ ಅವಳೊಡನೆ ಸಂಸಾರ ಮಾಡಿದ. ಅವನ ದಾಸ ಬೊಮ್ಮ ತುಳುನಾಡಿನವನು, ಒಡೆಯನ ಸರಕು ಹೊತ್ತು ಏಡನ್‌ವರೆಗೆ ಹೋಗಿಬಂದವನು. ಬೆನ್ ಯಿಜು ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟಿದ್ದ. ಅವನಿಗೆ ಬಂದ ಪತ್ರಗಳು ಹಳೆಯ ಕೈರೋದ ಯೆಹೂದಿ ಪ್ರಾರ್ಥನಾಲಯದ ಗೂಡಿನಲ್ಲಿ ಏಳು ನೂರಕ್ಕೂ ಹೆಚ್ಚು ವರ್ಷ ಉಳಿದಿದ್ದವು. ಏಡನ್ನಿನ ಗೆಳೆಯರು ಸರಕಿನ ಜೊತೆ ಅವನಿಗೆ ಒಣದ್ರಾಕ್ಷಿ, ಬಾದಾಮಿ, ಬರೆಯಲು ಕಾಗದ ಉಡುಗೊರೆ ಕಳಿಸುತ್ತಿದ್ದರು. ಏಲಕ್ಕಿಗೆಂದು ಅವನು ಇಲ್ಲಿಯವನೊಬ್ಬನಿಗೆ ಮುಂಗಡ ಕೊಟ್ಟ, ಏಲಕ್ಕಿ ಬರಲಿಲ್ಲ, ದುಡ್ಡೂ ಬರಲಿಲ್ಲ. ಅದರ ಕಿರಿಕಿರಿ ಪತ್ರದಿಂದ ಪತ್ರಕ್ಕೆ ಮುಂದುವರಿಯುತ್ತದೆ. ಲಾಭ ನೋಡುವ, ದಾಸರನ್ನು ಇಟ್ಟುಕೊಂಡಿದ್ದ, ಮೋಸ ಹೋದ, ಮಕ್ಕಳ ಚಿಂತೆ ಮಾಡಿದ ಒಬ್ಬ ಮನುಷ್ಯ. ನನ್ನ ನಾನ್-ಡೀಟೇಲ್ ಪುಸ್ತಕ ಕೊಡದ ಯೆಹೂದಿ ನಮ್ಮ ಜಿಲ್ಲೆಯಲ್ಲೇ ಇದ್ದ.

ಮಾವಶಿ ಮುಂದೆ ಮಗನ ಬಳಿ ಇಸ್ರೇಲಿಗೆ ಹೋದರು. ಹೊರಡುವ ಮುಂಚೆ ಹಾಲಿನವನ ಲೆಕ್ಕ ಅವನು ಹೇಳಿದಷ್ಟೇ ತೀರಿಸಿದರು.

‘ಮರ್ಚೆಂಟ್ ಆಫ್ ವೆನಿಸ್’ ಪಾಠದಿಂದ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಇಡೀ ನಾಟಕ ಓದಿಸಿ, ಜೊತೆಗೆ 1290 ಎಂಬ ಇಸವಿಯನ್ನೂ ಹೇಳಿ ಎಂದು ಮೇಷ್ಟ್ರುಗಳನ್ನು ಕೇಳುತ್ತೇನೆ. ಇಂಥ ಮೂಗು ನಮ್ಮಲ್ಲೂ ಇದೆ: ನಮ್ಮ ಸಿನಿಮಾಗಳಲ್ಲಿ ಗಿರವಿ ಅಂಗಡಿಯ ಸೇಟು ಇಂದಿಗೂ ಒಡಕು ಕನ್ನಡ ಮಾತಾಡುತ್ತ, ಹೆಂಗಸಿನ ತಾಳಿ ತೂಗುತ್ತ ಬರುತ್ತಾನೆ. ಅವನ ಸಮುದಾಯದ ಮಗು ನಮ್ಮ ಶಾಲೆಯಲ್ಲಿ ಅದೇ ಬೆಂಚಿನಲ್ಲಿ ಕೂತಿರುತ್ತದೆ. ಇಂಥದ್ದು ಕಂಡಾಗ ಓದುಗರು, ನೋಡುಗರು ಬರೆದವರಿಗೆ ಒಂದು ಪತ್ರ ಬರೆಯಬೇಕು. ಜಗತ್ತೇ ಓದುತ್ತಿದ್ದ ಲೇಖಕನಿಗೆ ಎಲೈಜಾ ಡೇವಿಸ್ ಬರೆದಳು, ಅವನು ವಾದಿಸಿದ ಮೇಲೂ ಬರೆದಳು. ನೀವೂ ಬರೆಯಿರಿ. ಉತ್ತರ ಬಾರದಿದ್ದರೆ ಎರಡನೇ ಸಲ ಬರೆಯಿರಿ.